ಪಶುವೈದ್ಯಕೀಯದಲ್ಲಿ ಆ್ಯಂಟಿಬಯೋಟಿಕ್ ಪ್ರತಿರೋಧ: ಕೆಚ್ಚಲು ಬಾವು ಮತ್ತು ಕ್ಷಿಪ್ರ ಪರೀಕ್ಷೆ

1. ಪ್ರತಿರೋಧ: ಔಷಧವಿದ್ದರೂ ಬ್ಯಾಕ್ಟೀರಿಯಾ ಬದುಕಿ ಬೆಳೆಯುವ ಸಾಮರ್ಥ್ಯ. ನಿರೋಧಕವಾಗುವುದು ಬ್ಯಾಕ್ಟೀರಿಯಾ, ಹಸುವಲ್ಲ.

2. ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್), 1957: ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ಬಟ್ಟಲಿಗೆ ಕರೆದು, ಸಮಪ್ರಮಾಣದ ದ್ರಾವಣ ಸೇರಿಸಿ ತಿರುಗಿಸಬೇಕು. ಲೋಳೆಯಾದರೆ ಹಾಲಿನಲ್ಲಿ ದೈಹಿಕ ಕೋಶಗಳು ಹೆಚ್ಚಿವೆ, ಅಂದರೆ ಉರಿಯೂತವಿದೆ. ಲೋಳೆಗೆ ಕಾರಣ ಆ ಕೋಶಗಳ ಡಿಎನ್‌ಎ. ಫಲಿತಾಂಶ ಕೊಟ್ಟಿಗೆಯಲ್ಲೇ, ಒಂದು ನಿಮಿಷದೊಳಗೆ. ಹಾಲು ನೋಡಲು ಸರಿಯಿದ್ದರೂ ಗುಪ್ತ ಬಾವು ಪತ್ತೆಯಾಗುತ್ತದೆ.

ಗೊಂದಲ (ಇಲ್ಲೇ ಅಂಕ ಹೋಗುವುದು): ಸಿಎಂಟಿ ಉರಿಯೂತವನ್ನಷ್ಟೇ ತೋರಿಸುತ್ತದೆ. ರೋಗಾಣು ಯಾವುದೆಂದು ತಿಳಿಯಲು ಕಲ್ಚರ್ (ಹಾಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು), ಯಾವ ಔಷಧ ನಾಟುತ್ತದೆಂದು ತಿಳಿಯಲು ಸಂವೇದನಾ ಪರೀಕ್ಷೆ (ಕಿರ್ಬಿ-ಬಾಯರ್ ಡಿಸ್ಕ್ ವಿಧಾನ).

3. ಫಾರಂನಲ್ಲೇ ಮಾಡುವ ಕಲ್ಚರ್: ಫಲಿತಾಂಶಕ್ಕೆ ಸುಮಾರು 24 ಗಂಟೆ. ಸೌಮ್ಯ ಬಾವಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಿದ್ದರೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಕಿಲ್ಲ. ಜ್ವರವಿರುವ ತೀವ್ರ ಪ್ರಕರಣದಲ್ಲಿ ಕಾಯುವಂತಿಲ್ಲ.

4. ಉಳಿಕೆ ≠ ಪ್ರತಿರೋಧ. ಉಳಿಕೆ ಎಂದರೆ ಹಾಲು, ಮಾಂಸದಲ್ಲಿ ಉಳಿದ ಔಷಧದ ಅಂಶ.

5. ವರ್ಷಗಳು:
- 2006: ಬೆಳವಣಿಗೆ ಹೆಚ್ಚಿಸಲು ಮೇವಿನಲ್ಲಿ ಆ್ಯಂಟಿಬಯೋಟಿಕ್, ಐರೋಪ್ಯ ಒಕ್ಕೂಟದಲ್ಲಿ ನಿಷೇಧ
- 2015: ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಪ್ರತಿರೋಧ ನೀಡುವ ಎಂಸಿಆರ್-1 ಜೀನ್ ವರದಿ, ಚೀನಾ
- 2017: ಪ್ರತಿರೋಧದ ವಿರುದ್ಧ ಭಾರತದ ಮೊದಲ ರಾಷ್ಟ್ರೀಯ ಕ್ರಿಯಾ ಯೋಜನೆ
- 2019: ಆಹಾರ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧ, ಭಾರತ (ಮನುಷ್ಯರ ಚಿಕಿತ್ಸೆಗಲ್ಲ)

6. ಐಸಿಎಆರ್-ನಿವೇದಿ (ಪಶುರೋಗ ಸಂಶೋಧನಾ ಸಂಸ್ಥೆ): ಬೆಂಗಳೂರು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ: ಪ್ಯಾರಿಸ್.