ಜೊತೆಯಲ್ಲಿ ಉಂಡವರೇ ದ್ರೋಹ ಬಗೆದಾಗ



ಹೊರಗಿನವನು ಮೋಸ ಮಾಡಿದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗುತ್ತೇವೆ. ಆದರೆ ಒಡಹುಟ್ಟಿದವನೇ ಸಹಿ ಹಾಕಿಸಿಕೊಂಡು ನಮ್ಮ ಪಾಲಿನ ಜಮೀನು ಮಾರಿಕೊಂಡರೆ? ಕೈಹಿಡಿದವರೇ ಕೊಟ್ಟ ಮಾತಿಗೆ ತಪ್ಪಿದರೆ? ಹೇಳಿದರೆ ಮನೆತನದ ಮಾನ ಹೋಗುತ್ತದೆ, ಹೇಳದಿದ್ದರೆ ಎದೆ ಸುಡುತ್ತದೆ. 55ನೇ ಕೀರ್ತನೆಯನ್ನು ಓದಿ ನೋಡಿ. ಅಲ್ಲಿ ಮೊರೆಯಿಡುವವನ ಅಳಲು ಶತ್ರುವಿನ ಬಗ್ಗೆಯಲ್ಲ, ತನ್ನೊಡನೆ ದೇವಾಲಯಕ್ಕೆ ಬರುತ್ತಿದ್ದ ಆಪ್ತನ ಬಗ್ಗೆ.

ಪ್ರಭು ಯೇಸುವೂ ಈ ನೋವನ್ನು ಉಂಡವರೇ. ಯೂದನು ಹನ್ನೆರಡು ಮಂದಿ ಪ್ರೇಷಿತರಲ್ಲಿ ಒಬ್ಬ. ಹಣದ ಚೀಲ ಇದ್ದದ್ದು ಅವನ ಕೈಯಲ್ಲೇ. ಅವನು ಪಡೆದದ್ದು 30 ಬೆಳ್ಳಿ ನಾಣ್ಯ. ಎತ್ತು ಹಾಯ್ದ ಗುಲಾಮನಿಗಾಗಿ ಅವನ ಒಡೆಯನಿಗೆ ತೆರಬೇಕೆಂದು ವಿಮೋಚನಕಾಂಡ (21:32) ಹೇಳುವ ಪರಿಹಾರವೂ 30 ಬೆಳ್ಳಿ ನಾಣ್ಯವೇ! ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿ, ಸ್ವಾಮಿ ಶಿಷ್ಯರ ಪಾದ ತೊಳೆದಾಗ ಯೂದನು ಇನ್ನೂ ಎದ್ದು ಹೋಗಿರಲಿಲ್ಲ. ಎಲ್ಲವನ್ನೂ ಬಲ್ಲ ಸ್ವಾಮಿ ಆ ಪಾದಗಳನ್ನೂ ತೊಳೆದರು. ಆದರೂ ಅವರ ಮನಸ್ಸು ಕಲಕಿತೆಂದು ಅದೇ ಅಧ್ಯಾಯ ತಿಳಿಸುತ್ತದೆ. ಆದ್ದರಿಂದ ನೋವಾಯಿತೆಂದು ಅಳುವುದು ವಿಶ್ವಾಸದ ಕೊರತೆಯಲ್ಲ.

"ಕ್ಷಮಿಸಬೇಕು, ಸರಿ. ಆದರೆ ಮತ್ತೆ ನಂಬಬೇಕೇ?" ಇದು ಅನೇಕರ ಪ್ರಶ್ನೆ. ಆದಿಕಾಂಡದ ಜೋಸೆಫನನ್ನು ನೋಡಿ. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದಾಗ ಅವನಿಗೆ ಹದಿನೇಳರ ಪ್ರಾಯ. ಸುಮಾರು 22 ವರ್ಷಗಳ ಬಳಿಕ ಅವರು ಧಾನ್ಯಕ್ಕಾಗಿ ಬಂದಾಗ ಅವನು ಕೂಡಲೇ ಅಪ್ಪಿಕೊಳ್ಳಲಿಲ್ಲ. ಮರೆಗೆ ಹೋಗಿ ಅತ್ತ. ಹಸಿದವರಿಗೆ ಧಾನ್ಯ ಕೊಟ್ಟ, ಆದರೆ ಪರೀಕ್ಷಿಸಿದ. ಅಂದು ಮಾರೋಣವೆಂದ ಯೆಹೂದನೇ, ಇಂದು ತಮ್ಮ ಬೆನ್ಯಾಮೀನನ ಬದಲು ತಾನೇ ಗುಲಾಮನಾಗುತ್ತೇನೆಂದು ಮುಂದೆ ಬಂದ. ಆಗಲೇ ಜೋಸೆಫನು ತಾನಾರೆಂದು ತಿಳಿಸಿದ್ದು.

ಸೇಡು ಬಿಡುವುದು, ಹಾನಿ ಬಯಸದಿರುವುದು, ಅವರಿಗಾಗಿ ಪ್ರಾರ್ಥಿಸುವುದು ಕ್ಷಮೆ. ಇದನ್ನು ಇಂದೇ ಆರಂಭಿಸಬಹುದು. ನಂಬಿಕೆಯಾದರೋ ಮತ್ತೆ ಬೆಳೆಯಬೇಕಾದ ಗಿಡ. ಅದಕ್ಕೆ ಕಾಲ ಬೇಕು, ಎದುರಿನವರ ಬದಲಾವಣೆಯೂ ಬೇಕು. ಕ್ಷಮಿಸಿದ ಮಾತ್ರಕ್ಕೆ ಮತ್ತೆ ಖಾಲಿ ಕಾಗದಕ್ಕೆ ಸಹಿ ಹಾಕಬೇಕಿಲ್ಲ. ಮನೆಯಲ್ಲಿ ಹೊಡೆತ ತಿನ್ನುತ್ತಾ ಸುಮ್ಮನಿರಬೇಕಾಗಿಯೂ ಇಲ್ಲ.

ಇನ್ನು, ದ್ರೋಹ ಬಗೆದವರು ನಾವೇ ಆಗಿದ್ದರೆ? ಯೂದನೂ ಪಶ್ಚಾತ್ತಾಪಪಟ್ಟ, ಪೇತ್ರನೂ ಅತ್ತ. ಯೂದನು ತನ್ನನ್ನು ಕೊಂಡವರ ಬಳಿಗೇ ಹೋದ. ಅವರು ಕೈಚೆಲ್ಲಿದರು, ಅವನು ಒಂಟಿಯಾಗಿ ಹತಾಶನಾದ. ಪೇತ್ರನು ಸಹಶಿಷ್ಯರೊಡನೆ ಉಳಿದ. ಇದ್ದಲ ಬೆಂಕಿಯ ಬಳಿ ಮೂರು ಸಲ ಗುರುವನ್ನು ನಿರಾಕರಿಸಿದ್ದವನಿಗೆ, ಪುನರುತ್ಥಾನದ ಬಳಿಕ ಇನ್ನೊಂದು ಇದ್ದಲ ಬೆಂಕಿಯ ಬಳಿ ಮೂರು ಸಲ ಪ್ರೀತಿಯ ಪ್ರಶ್ನೆ ಎದುರಾಯಿತು. ನಮಗೂ ಪಾಪನಿವೇದನೆಯ ಬಾಗಿಲು ತೆರೆದಿದೆ. ಆದರೆ ಕಿತ್ತುಕೊಂಡದ್ದನ್ನು ಹಿಂದಿರುಗಿಸದೆ ಮೊಣಕಾಲೂರಿದರೆ ಸಾಲದು.

ಈ ವಾರ ಕುಟುಂಬ ಪ್ರಾರ್ಥನೆಯ ನಂತರ ಮೌನವಾಗಿ ಕೇಳಿಕೊಳ್ಳೋಣ:

1. ಯಾರ ಹೆಸರು ಬಂದೊಡನೆ ನನ್ನ ಮನಸ್ಸು ಕಹಿಯಾಗುತ್ತದೆ? ಅವರಿಗಾಗಿ ಒಂದು 'ಪರಲೋಕ ಮಂತ್ರ' ಹೇಳಬಲ್ಲೆನೇ?

2. ನನ್ನನ್ನು ನಂಬಿದ ಯಾರಿಗೆ ನಾನು ಇನ್ನೂ ಲೆಕ್ಕ ಒಪ್ಪಿಸಬೇಕಾಗಿದೆ?