ಲಂಡನ್‌ನಿಂದ ಒಂದು ದಿನ ಪ್ಯಾರಿಸ್‌ಗೆ

ಪ್ರಶ್ನೆ: ಅಪ್ಪ ಅಮ್ಮ ಚನ್ನಪಟ್ಟಣದಿಂದ ಲಂಡನ್ನಿನ ಅಣ್ಣನ ಮನೆಗೆ ಹೊರಟಿದ್ದಾರೆ. ಬ್ರಿಟನ್ ವೀಸಾ ಬಂದಿದೆ. ಅದರಲ್ಲೇ ರೈಲಿನಲ್ಲಿ ಪ್ಯಾರಿಸ್ ನೋಡಿ ಸಂಜೆಗೆ ಮರಳಬಹುದೇ? – ಓದುಗರು, ರಾಮನಗರ

ಬ್ರಿಟನ್ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಒಂದೇ ಹಗಲಿನ ಭೇಟಿಗೂ ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಬೇಕು. ಪ್ಯಾರಿಸ್‌ಗೆ ಹೋಗುವ ಯೂರೋಸ್ಟಾರ್ ರೈಲು ಹತ್ತುವ ಮೊದಲೇ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ಫ್ರಾನ್ಸಿನ ಗಡಿ ಪೊಲೀಸರು ಪಾಸ್‌ಪೋರ್ಟ್ ನೋಡುತ್ತಾರೆ; ವೀಸಾ ಇಲ್ಲದವರು ಅಲ್ಲಿಂದಲೇ ವಾಪಸ್.

ಈ ವೀಸಾವನ್ನು ಊರಿನಲ್ಲಿರುವಾಗಲೇ ಮಾಡಿಸಿಕೊಳ್ಳಬೇಕು. ಷೆಂಗೆನ್ ಅರ್ಜಿಯನ್ನು ವಾಸವಿರುವ ದೇಶದಲ್ಲೇ ಸಲ್ಲಿಸಬೇಕೆಂಬುದು ನಿಯಮ. ನೆಂಟರಾಗಿ ಲಂಡನ್‌ಗೆ ಹೋದವರು ಅಲ್ಲಿನ ನಿವಾಸಿಗಳಲ್ಲ. ಫ್ರಾನ್ಸಿನ ಅರ್ಜಿಯನ್ನು ಬೆಂಗಳೂರಿನ ವಿಎಫ್‌ಎಸ್ ಕೇಂದ್ರ ಸ್ವೀಕರಿಸುತ್ತದೆ, ಬೆರಳಚ್ಚಿಗೆ ಖುದ್ದಾಗಿ ಹೋಗಬೇಕು. ಪ್ರಯಾಣಕ್ಕೆ ಕನಿಷ್ಠ 15 ದಿನ ಮುಂಚೆ ಸಲ್ಲಿಸಬೇಕೆಂದಿದ್ದರೂ ಪರಿಶೀಲನೆ 45 ದಿನಗಳವರೆಗೆ ಎಳೆಯಬಹುದು, ಅಷ್ಟು ದಿನ ಪಾಸ್‌ಪೋರ್ಟ್ ಕೈಯಲ್ಲಿರುವುದಿಲ್ಲ. ಲಂಡನ್ ವಿಮಾನಕ್ಕೆ ಎರಡು ತಿಂಗಳಾದರೂ ಇರುವಾಗ ಅರ್ಜಿ ಹಾಕುವುದು ಕ್ಷೇಮ. ಶುಲ್ಕ ತಲಾ 90 ಯೂರೋ, ಮೇಲೆ ಸೇವಾ ಶುಲ್ಕ. 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಕಡ್ಡಾಯ. ಇಷ್ಟು ಖರ್ಚು ಮಾಡಿದ ಮೇಲೆ ಎರಡು ದಿನ ಉಳಿಯುವುದೇ ಮೇಲು, ವಯಸ್ಸಾದವರಿಗಂತೂ ಅದೇ ಸರಿ.

ರೈಲಿನ ಪಯಣ ಸುಮಾರು 2 ಗಂಟೆ 20 ನಿಮಿಷ. ಪ್ಯಾರಿಸ್ ಗಡಿಯಾರ ಒಂದು ಗಂಟೆ ಮುಂದು. ತಪಾಸಣೆಗಾಗಿ ಒಂದೂವರೆ ಗಂಟೆ ಮೊದಲೇ ನಿಲ್ದಾಣ ಸೇರಬೇಕು. ಮರಳುವಾಗ ಪ್ಯಾರಿಸ್ಸಿನಲ್ಲೇ ಬ್ರಿಟನ್ ಅಧಿಕಾರಿಗಳ ತಪಾಸಣೆ ನಡೆಯುತ್ತದೆ. ನಿಮ್ಮವರ ಬ್ರಿಟನ್ ವೀಸಾ ಮರುಪ್ರವೇಶಕ್ಕೆ ಅವಕಾಶ ಕೊಡುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ.

ಹಿಂದೆ ಯಾವುದೇ ದೇಶ ವೀಸಾ ನಿರಾಕರಿಸಿದ್ದರೆ ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಬೇಕು. ವೀಸಾ ಗ್ಯಾರಂಟಿ ಎನ್ನುವ ಏಜೆಂಟರಿಗೆ ಹಣ ಕೊಡಬಾರದು. ತೀರ್ಮಾನ ಫ್ರಾನ್ಸಿನ ದೂತಾವಾಸದ್ದೇ.