ಎರಡು ಹೆಸರು, ಒಂದೇ ಸಂಗೀತ: ರಾಜನ್-ನಾಗೇಂದ್ರ



‘ಗಂಧದ ಗುಡಿ’ (1973) ಚಿತ್ರದಲ್ಲಿ ಕನ್ನಡ ನುಡಿಯ ಮೇಲೆ ಒಂದು ಹಾಡಿದೆ. ರಾಜ್ಯೋತ್ಸವ ಬಂದರೆ ನಮ್ಮ ಸೋಲದೇವನಹಳ್ಳಿಯಲ್ಲೂ ಮೈಕ್‌ನಲ್ಲಿ ಹಾಕ್ತಾರೆ. ತೆರೆಯ ಮೇಲೆ ಡಾ. ರಾಜಕುಮಾರ್, ಹಾಡಿದವರು ಪಿ.ಬಿ. ಶ್ರೀನಿವಾಸ್, ಬರೆದವರು ಚಿ. ಉದಯಶಂಕರ್. ಹಾಗಾದರೆ ರಾಗ ಹಾಕಿದವರು ಯಾರು? ರಾಜನ್-ನಾಗೇಂದ್ರ. ಇದು ಒಬ್ಬರ ಹೆಸರು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ, ಇವರು ಇಬ್ಬರು, ಒಡಹುಟ್ಟಿದ ಅಣ್ಣ ತಮ್ಮ.

ಬಾಲ್ಯ: ಇವರ ಊರು ಮೈಸೂರು. ಅಣ್ಣ ರಾಜನ್ ಹುಟ್ಟಿದ್ದು 1933ರಲ್ಲಿ, ತಮ್ಮ ನಾಗೇಂದ್ರ 1935ರಲ್ಲಿ. ತಂದೆ ರಾಜಪ್ಪನವರೂ ಸಂಗೀತಗಾರರೇ. ಅಣ್ಣ ಪಿಟೀಲು ಕಲಿತರು, ತಮ್ಮ ಜಲತರಂಗ ಕಲಿತರು.

ಜಲತರಂಗ ಅಂದರೇನು? ಪಿಂಗಾಣಿ ಬಟ್ಟಲುಗಳನ್ನು ಸಾಲಾಗಿ ಜೋಡಿಸಿ, ಒಂದೊಂದರಲ್ಲಿ ಒಂದೊಂದು ಅಳತೆ ನೀರು ಹಾಕಿ, ಸಣ್ಣ ಕಡ್ಡಿಗಳಿಂದ ಬಾರಿಸುವ ವಾದ್ಯ. ಮನೆಯಲ್ಲಿ ಒಂದೇ ತರದ ಎರಡು ಗಾಜಿನ ಲೋಟ ತಗೊಂಡು ನೀವೂ ಮಾಡಿ ನೋಡಿ. ಒಂದಕ್ಕೆ ಕಾಲು ಭಾಗ, ಇನ್ನೊಂದಕ್ಕೆ ಮುಕ್ಕಾಲು ಭಾಗ ನೀರು ಹಾಕಿ ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ. ನೀರು ಜಾಸ್ತಿ ಇರುವ ಲೋಟದ ಸ್ವರ ತಗ್ಗಿರುತ್ತೆ. ನೀರಿನ ಭಾರಕ್ಕೆ ಲೋಟದ ಕಂಪನ ನಿಧಾನವಾಗುವುದೇ ಇದಕ್ಕೆ ಕಾರಣ. ಪಿಟೀಲಿನ ನಾದ ಎಳೆದಷ್ಟು ಹೊತ್ತು ಹರಿಯುತ್ತೆ, ಜಲತರಂಗದ್ದು ಹನಿ ಹನಿಯಾಗಿ ಬೀಳುತ್ತೆ. ಒಂದೇ ಮನೆಯಲ್ಲಿ ಎರಡೂ ಇದ್ದವು!

ಸಾಧನೆ: ಬಿ. ವಿಠಲಾಚಾರ್ಯರ ‘ಸೌಭಾಗ್ಯ ಲಕ್ಷ್ಮಿ’ (1953) ಇವರ ಮೊದಲ ಚಿತ್ರ. ಆಗ ಅಣ್ಣನಿಗೆ ಸುಮಾರು ಇಪ್ಪತ್ತು ವರ್ಷ, ತಮ್ಮನಿಗೆ ಹದಿನೆಂಟು. ಆಮೇಲೆ ‘ಎರಡು ಕನಸು’ (1974), ‘ಬಯಲು ದಾರಿ’ (1976), ‘ನಾ ನಿನ್ನ ಮರೆಯಲಾರೆ’ (1976), ‘ಹೊಂಬಿಸಿಲು’ (1978) ಹೀಗೆ ನೂರಾರು ಚಿತ್ರಗಳು. ‘ಪರಸಂಗದ ಗೆಂಡೆತಿಮ್ಮ’ (1978) ಚಿತ್ರಕ್ಕೆ ದೊಡ್ಡರಂಗೇಗೌಡರು ಹಳ್ಳಿ ಮಾತಿನಲ್ಲೇ ಹಾಡು ಬರೆದರು, ಇವರು ರಾಗ ಹಾಕಿದರು. ನಾವು ಮನೆಯಲ್ಲಿ ಆಡೋ ಮಾತು ಹಾಡಾಗೋಕೆ ಲಾಯಕ್ಕಿಲ್ಲ ಅನ್ನುವವರು ಅದನ್ನು ಒಮ್ಮೆ ಕೇಳಬೇಕು. ತೆಲುಗಿನಲ್ಲೂ ‘ಪಂತುಲಮ್ಮ’ (1977), ‘ನಾಲುಗು ಸ್ತಂಭಾಲಾಟ’ (1982) ಚಿತ್ರಗಳಿಗೆ ಸಂಗೀತ ಕೊಟ್ಟರು.

ದೂರದ ಬ್ರೆಜಿಲ್ ದೇಶದಲ್ಲೂ ಇಂಥ ಜೋಡಿಗಳುಂಟು. ಟೋನಿಕೊ ಮತ್ತು ಟಿನೊಕೊ ಎಂಬ ಅಣ್ಣತಮ್ಮಂದಿರು ಅಲ್ಲಿನ ಹಳ್ಳಿಗಾಡಿನ ಹಾಡುಗಳನ್ನು ಜೊತೆಯಾಗಿ ಹಾಡಿ ಹೆಸರಾದರು. 1994ರಲ್ಲಿ ಟೋನಿಕೊ ತೀರಿಕೊಂಡರು, 2012ರಲ್ಲಿ ಟಿನೊಕೊ.

ನಮ್ಮವರಲ್ಲಿ ಮೊದಲು ಹೋದದ್ದು ತಮ್ಮ. 2000ನೇ ಇಸವಿ ನವೆಂಬರ್‌ನಲ್ಲಿ ನಾಗೇಂದ್ರ ತೀರಿಕೊಂಡರು. ಅಣ್ಣ ಸುಮಾರು ಇಪ್ಪತ್ತು ವರ್ಷ ಒಬ್ಬರೇ ಉಳಿದರು. 2020ರ ಅಕ್ಟೋಬರ್ 11ರಂದು ರಾಜನ್ ಕೂಡ ಹೋದರು. ಆದರೆ ಹಾಡು ಹಾಕಿದಾಗ ಇವತ್ತಿಗೂ ‘ಸಂಗೀತ: ರಾಜನ್-ನಾಗೇಂದ್ರ’ ಎಂದೇ ಹೇಳುತ್ತಾರೆ. ಯಾವ ಸ್ವರ ಅಣ್ಣನದು, ಯಾವುದು ತಮ್ಮನದು ಅಂತ ಕೇಳುವವರಿಗೆ ಬಿಡಿಸಲು ಬರುವುದಿಲ್ಲ. ಇಬ್ಬರು ಸೇರಿ ಚಾರ್ಟ್ ಮಾಡಿದರೆ ‘ಜಾಸ್ತಿ ಕೆಲಸ ಯಾರದು’ ಅಂತ ಜಗಳ ಆಡುವ ನಾವು ಇದನ್ನು ಯೋಚಿಸಬೇಕು.

ನನ್ನದೊಂದು ಕೋರಿಕೆ. ಮುಂದಿನ ಕಾರ್ಯಕ್ರಮದಲ್ಲಿ ಯಾರೇ ಚಿತ್ರಗೀತೆ ಹಾಡಲಿ, ಹಾಡಿದವರ ಹೆಸರಿನ ಜೊತೆ ಬರೆದವರ ಹೆಸರನ್ನೂ ರಾಗ ಹಾಕಿದವರ ಹೆಸರನ್ನೂ ಹೇಳೋಣ. ಅರ್ಧ ನಿಮಿಷ ಸಾಕು.

ಉತ್ತರ ಹುಡುಕಿ:
1. ನಿಮಗೆ ಬಾಯಿಪಾಠ ಬರುವ ಮೂರು ಹಾಡುಗಳಿಗೆ ರಾಗ ಹಾಕಿದವರು ಯಾರು?
2. ಏಳು ಲೋಟದಲ್ಲಿ ಸರಿಗಮಪದನಿ ಬರಿಸಲು ಯಾವ ಲೋಟಕ್ಕೆ ಹೆಚ್ಚು ನೀರು ಬೇಕು?

– 7ನೇ ತರಗತಿ ವಿದ್ಯಾರ್ಥಿ